ತಕ್ಕಡಿಗೆ ಸಿಕ್ಕ ಗಾಳಿ

ಆಷಾಢದ ಸೋನೆ ಹಿಡಿದ ಬೆಳಗು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಟೆಂಪೊ, ಆಟೊ, ಬೈಕುಗಳ ಸಾಲು. ಚೀಲಗಳ ಮೇಲೆ ಹೊದಿಸಿದ ಟಾರ್ಪಾಲನ್ನು ರೈತರು ಒಂದು ಕಡೆಯಿಂದ ಹುಷಾರಾಗಿ ಎತ್ತುತ್ತಾರೆ. ಮಡಿಕೆಯಲ್ಲಿ ನಿಂತ ನೀರು ಗೂಡಿನ ಮೇಲೆ ಬಿದ್ದರೆ ಕೆಟ್ಟಿತು. ಒಳಗೆ ಚೀಲದ ಬಾಯಿ ಬಿಚ್ಚಿ ಸುರಿದರೆ ಬಿಳಿಯ ದ್ವಿತಳಿ ಗೂಡು ಒಂದು ಕಡೆ, ಹಳದಿ ಮಿಶ್ರತಳಿ ಗೂಡು ಇನ್ನೊಂದು ಕಡೆ ಗುಡ್ಡೆ ಬೀಳುತ್ತದೆ. ನೂಲು ಬಿಚ್ಚಾಣಿಕೆದಾರರು, ಇಲ್ಲಿಯವರ ಬಾಯಲ್ಲಿ ರೀಲರ್‌ಗಳು, ಗುಡ್ಡೆಯಿಂದ ಗುಡ್ಡೆಗೆ ನಡೆಯುತ್ತ ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೋಶ (ಪ್ಯೂಪಾ) ಗಟ್ಟಿ ಸದ್ದು ಮಾಡಿದರೆ ಸರಿ. ಮೆತ್ತಗಿನ ಸದ್ದು ಬಂದರೆ ಹಿಡಿ ಸಡಿಲಿಸಿ ಮುಂದಕ್ಕೆ ಹೋಗುತ್ತಾರೆ. ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ. ಬಾಯಿ ಸುಮ್ಮನಿರುತ್ತದೆ, ಬೆರಳು ಓಡುತ್ತಿರುತ್ತದೆ.

ಇಲ್ಲಿ ಎಲ್ಲವೂ ತೂಕದ ಮೇಲೆ. ಆದರೆ ತಕ್ಕಡಿಯ ಮೇಲೆ ಕೂರುವುದರಲ್ಲಿ ರೇಷ್ಮೆ ಎಷ್ಟು? ಹಸಿ ಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗೆ ಮಲಗಿದ ಕೋಶದ್ದು. ಉಳಿದ ಒಂದು ಪಾಲೇ ಚಿಪ್ಪು. ಒಳ್ಳೆಯ ದ್ವಿತಳಿಯಾದರೆ ಅದರಲ್ಲಿ ಸುತ್ತಿಕೊಂಡ ಎಳೆ ಸಾವಿರ ಮೀಟರ್ ದಾಟುತ್ತದೆ. ಆರೂವರೆ ಏಳು ಕಿಲೋ ಗೂಡು ಬೇಯಿಸಿ ಬಿಚ್ಚಿದರೆ ಒಂದು ಕಿಲೋ ಕಚ್ಚಾ ರೇಷ್ಮೆ. ರೀಲರ್ ಮನೆಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ರೆಂಡಿಟ್ಟಾ ಎಂಬ ಹೆಸರು. ಮನೆಯ ಲಾಭ ನಷ್ಟ ಆ ಒಂದು ಅಂಕೆಯ ಮೇಲೆ ನಿಂತಿರುತ್ತದೆ.

ಮಾರುಕಟ್ಟೆಯಿಂದ ಊರೊಳಕ್ಕೆ ತಿರುಗಿದರೆ ಬೀದಿಗೆ ಬೀದಿಯೇ ನೂಲು ಬಿಚ್ಚುವ ಮನೆಗಳು. ಕುದಿವ ನೀರಿನ ತೊಟ್ಟಿಯಿಂದ ಆವಿ ಏಳುತ್ತಿದೆ. ಬೆಂದ ಕೋಶದ ವಾಸನೆ ಬಟ್ಟೆಗೆ, ಕೂದಲಿಗೆ, ಗೋಡೆಯ ಸುಣ್ಣಕ್ಕೆ ಹತ್ತಿದೆ. ಬೇಸಿನ್ ಮುಂದೆ ಕೂತ ಹೆಂಗಸರ ಬೆರಳ ತುದಿ ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡಿದೆ. ತಿರುಗುವ ರಾಟೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳು ಒಂದಾಗಿ ಹೊಳೆಯುತ್ತವೆ. ಮರುಸುತ್ತು ಮುಗಿದ ಲಡಿಗಳನ್ನು ಗಳಕ್ಕೆ ನೇತುಹಾಕಿರುತ್ತಾರೆ. ಹೊರಗೆ ಮಳೆ, ಒಳಗೆ ಆವಿ. ಆ ಲಡಿ ಸುಮ್ಮನೆ ನೇತಾಡುತ್ತಿದೆ ಎಂದು ನೋಡುವವರಿಗೆ ಅನಿಸಬಹುದು. ಅದು ಗಾಳಿಯಿಂದ ನೀರಿನ ಆವಿಯನ್ನು ಎಳೆದುಕೊಳ್ಳುತ್ತಿದೆ.

ಈ ಊರಿನ ರೀಲರ್‌ಗಳಿಗೆ ಅದು ಗೊತ್ತು. ಚೈತ್ರದ ಬಿಸಿಲಲ್ಲಿ ತೂಗಿದ ಲಡಿ ಶ್ರಾವಣದಲ್ಲಿ ಅದೇ ತೂಕ ತೋರಿಸುವುದಿಲ್ಲ. ರೇಷ್ಮೆ ತನ್ನ ತೂಕದ ಮೂರನೇ ಒಂದು ಭಾಗದ ಸಮೀಪದವರೆಗೂ ನೀರನ್ನು ಹಿಡಿದುಕೊಂಡು, ಮುಟ್ಟಿದವರಿಗೆ ಒದ್ದೆ ಎಂದು ಅನಿಸದಂತೆ ಇರಬಲ್ಲದು. ಎಳೆಯ ಹೊರಗಿನ ಅಂಟು, ಸೆರಿಸಿನ್, ಎಳೆಯ ತೂಕದ ಕಾಲು ಭಾಗದಷ್ಟಿದ್ದು ನೀರನ್ನು ಬಹಳ ಪ್ರೀತಿಸುತ್ತದೆ. ಒಳಗಿನ ಫೈಬ್ರಾಯಿನ್‌ನಲ್ಲಿ ಬಿಗಿಯಾಗಿ ಜೋಡಿಸಿಕೊಂಡ ಜಾಗಗಳ ನಡುವೆ ಸಡಿಲ ಜಾಗಗಳಿವೆ. ನೀರಿನ ಅಣುಗಳು ಅಲ್ಲಿಗೂ ನುಗ್ಗುತ್ತವೆ.

ಕಿಲೋಗೆ ಸಾವಿರಾರು ರೂಪಾಯಿಯ ಸರಕು. ಅದರಲ್ಲಿ ನೀರೆಷ್ಟು ನೂಲೆಷ್ಟು ಎಂಬ ಜಗಳ ರಾಮನಗರಕ್ಕಿಂತ ಹಳೆಯದು. ಫ್ರಾನ್ಸಿನ ರೇಷ್ಮೆ ಪಟ್ಟಣ ಲಿಯಾನ್‌ನಲ್ಲಿ 1805ರಲ್ಲೇ ಸರ್ಕಾರದ ಆಜ್ಞೆಯಿಂದ ರೇಷ್ಮೆಯ ತೇವ ಅಳೆಯುವ ಸಾರ್ವಜನಿಕ ಮನೆ ಶುರುವಾಯಿತು. ಕೊಳ್ಳುವವರೂ ಮಾರುವವರೂ ಒಬ್ಬರನ್ನೊಬ್ಬರು ನಂಬದಿದ್ದರೂ ಆ ಮನೆಯ ಚೀಟಿಯನ್ನು ನಂಬುತ್ತಿದ್ದರು. ಈಗ ಜಗತ್ತು ಒಪ್ಪಿಕೊಂಡಿರುವ ಲೆಕ್ಕ ಹೀಗಿದೆ: ನೂಲಿನ ಮಾದರಿಯನ್ನು ಬಿಸಿಗಾಳಿಯ ಒಲೆಯಲ್ಲಿಟ್ಟು, ತೂಕ ಇಳಿಯುವುದು ಪೂರ್ತಿ ನಿಲ್ಲುವವರೆಗೆ ಒಣಗಿಸಬೇಕು. ಆ ಒಣ ತೂಕಕ್ಕೆ ನೂರಕ್ಕೆ 11ರಂತೆ ಸೇರಿಸಬೇಕು. 100 ಕಿಲೋ ಒಣ ರೇಷ್ಮೆಯ ನ್ಯಾಯವಾದ ತೂಕ 111 ಕಿಲೋ. ಮಳೆಗಾಲದಲ್ಲಿ ಅದೇ ನೂಲು 115 ಕಿಲೋ ತೂಗಿದರೆ, ಮೇಲಿನ 4 ಕಿಲೋಗೆ ಕೊಟ್ಟ ಹಣ ಆಕಾಶಕ್ಕೆ ಕೊಟ್ಟಂತೆ. ಬೇಸಗೆಯಲ್ಲಿ 107 ತೂಗಿದರೆ ಕಳೆದುಕೊಳ್ಳುವವನು ನೂಲು ಬಿಚ್ಚಿದವನು.

ಈ ಲೆಕ್ಕದ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಸೋನೆಯ ಬೆಳಗ್ಗೆಯಲ್ಲೂ ಗಾಳಿಯ ನೂರು ಪಾಲಿನಲ್ಲಿ ನೀರಿನ ಆವಿ ಎರಡೂವರೆ ಪಾಲಿನ ಆಸುಪಾಸು. ಮಿಕ್ಕಿದ್ದರಲ್ಲಿ ಬಹುಪಾಲು ಸಾರಜನಕ, ಐದನೇ ಒಂದು ಪಾಲು ಆಮ್ಲಜನಕ, ಶೇಕಡಾ ಒಂದಕ್ಕಿಂತ ತುಸು ಕಡಿಮೆ ಆರ್ಗಾನ್. ಅಷ್ಟೊಂದು ಸಾರಜನಕ ಎಳೆಯ ಮೈ ಸವರಿಕೊಂಡು ಹೋಗುತ್ತಿದ್ದರೂ ರೇಷ್ಮೆ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಗುಂಪಿನಲ್ಲಿ ಅಷ್ಟು ಕಡಿಮೆ ಇರುವ ನೀರನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಬೆರೆತ ಅನಿಲಗಳ ನಡುವೆ ಒಂದು ಘನವಸ್ತು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಷ್ಟು, ಯಾರನ್ನು ಹೊರಗೆ ತಳ್ಳಿ? ವಿಜ್ಞಾನದ ಪುಸ್ತಕಗಳಲ್ಲಿ ಅಧಿಶೋಷಣೆ ಎಂಬ ಅಧ್ಯಾಯದ ಕಷ್ಟದ ಭಾಗವೆಂದರೆ ಇದೇ ಪ್ರಶ್ನೆ. ಉತ್ತರಕ್ಕೆ ಊಹೆ ಸಾಲದು, ಅಳೆದೇ ನೋಡಬೇಕು.

ಕನಕಪುರದ ಕಡೆಯ ಹುಳುಮನೆಗೆ ಹೋದರೆ ಇದರ ಇನ್ನೊಂದು ಮುಖ. ಗೋಡೆಯ ಮೇಲೆ ಜೋಡಿ ಥರ್ಮಾಮೀಟರ್ ತೂಗುಬಿದ್ದಿದೆ. ಒಂದರ ಬುಡ ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದಾರೆ. ಎರಡರ ವ್ಯತ್ಯಾಸ ನೋಡಿ ಪಟ್ಟಿಯಲ್ಲಿ ಬೆರಳಿಟ್ಟರೆ ಮನೆಯೊಳಗಿನ ತೇವ ಎಷ್ಟು ಎಂದು ತಿಳಿಯುತ್ತದೆ. ಎಳೆಯ ಚಾಕಿ ಹುಳುವಿಗೆ ಶೇಕಡಾ 85, 90ರ ತೇವ ಬೇಕು. ಬೆಳೆದ ಹುಳುವಿಗೆ 70 ಸಾಕು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವ ಮುನ್ನ, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ಉಳಿದ ಸೊಪ್ಪಿನ ತೇವವನ್ನು ಅದು ಎಳೆದುಕೊಳ್ಳಲಿ ಎಂದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಮನೆ ಇನ್ನೂ ಒಣಗಿರಬೇಕು, ಗಾಳಿ ಆಡಬೇಕು. ಇಲ್ಲದಿದ್ದರೆ ಎಳೆ ಎಳೆಗೆ ಬಿಗಿಯಾಗಿ ಅಂಟಿಕೊಂಡು, ಬೇಸಿನ್ ಮುಂದೆ ಕೂತವರಿಗೆ ಮತ್ತೆ ಮತ್ತೆ ಹರಿಯುತ್ತದೆ. ಗಾಳಿಯ ಬೆರಕೆಯನ್ನು ದಿನಾ ಅಳೆದು ಬದುಕುವ ಜನ ಇವರು. ಆ ಮಾತನ್ನು ಅವರಿಗೆ ಯಾರೂ ಹೇಳಿಲ್ಲ.

ಗಾಳಿಯಿಂದ ಆರಿಸಿ ಹಿಡಿಯುವುದು ರೇಷ್ಮೆಯೊಂದೇ ಅಲ್ಲ. ಹೆದ್ದಾರಿ ಹಿಡಿದು ಚನ್ನಪಟ್ಟಣದ ಕಡೆಗೆ ಹೊರಟರೆ ಬಂಡೆಗಳು ಹಿಂದೆ ಸರಿದು ತೆಂಗು ಮುಂದೆ ಬರುತ್ತದೆ. ರಾಮನಗರದ ಬಂಡೆ ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದು ಗಟ್ಟಿ ಕಲ್ಲು, ಗಾಳಿಗೆ ಒಳಗೆ ಎಡೆಯಿಲ್ಲ. ತೆಂಗಿನ ತೋಟದ ಮೂಲೆಯಲ್ಲಿ ಒಲೆ ಉರಿಗೆಂದು ರಾಶಿ ಹಾಕಿದ ಕರಟವೂ ನೋಡುವುದಕ್ಕೆ ಕಲ್ಲಿನಷ್ಟೇ ಗಟ್ಟಿ. ಆದರೆ ಗಾಳಿ ಸಾಕಷ್ಟು ತಾಗದಂತೆ ಅದನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲನ್ನು 900 ಡಿಗ್ರಿಯ ಆಚೀಚಿನ ಬಿಸಿಯಲ್ಲಿ ನೀರಾವಿಗೆ ಒಡ್ಡಿದರೆ, ಆವಿ ಇಂಗಾಲವನ್ನು ಅಲ್ಲಲ್ಲಿ ಕೊರೆದು ತಿನ್ನುತ್ತದೆ. ಉಳಿಯುವುದು ಸಂದಿ, ಸಂದಿಯೊಳಗೆ ಸಂದಿ. ಒಳ್ಳೆಯ ಕ್ರಿಯಾಶೀಲ ಇದ್ದಿಲಿನ ಒಂದು ಗ್ರಾಂ ತೆಗೆದುಕೊಂಡು ಒಳಗಿನ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಸಾವಿರ ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು, ಚಿಟಿಕೆ ಪುಡಿಯಲ್ಲಿ.

ಕಾದ ಇದ್ದಿಲು ತಣಿಯುವಾಗ ಗಾಳಿಯನ್ನು ನುಂಗುತ್ತದೆ ಎಂದು 1770ರ ದಶಕದಲ್ಲಿ ಸ್ವೀಡನ್ನಿನ ಶೀಲೆ, ಇಟಲಿಯ ಫೊಂಟಾನ ಕಂಡಿದ್ದರು. ಅದನ್ನು ತಾಳ್ಮೆಯಿಂದ ಅಳೆದು ಪಟ್ಟಿ ಮಾಡಿದವರು ಜಿನೀವಾದ ಡಿ ಸೊಸ್ಯೂರ್, 1814ರಲ್ಲಿ. ಬಾಕ್ಸ್‌ವುಡ್ ಮರದ ಒಂದು ಅಳತೆ ಇದ್ದಿಲು ಅಮೋನಿಯಾವನ್ನು 90 ಅಳತೆ ಹಿಡಿಯಿತು, ಇಂಗಾಲದ ಡೈಆಕ್ಸೈಡನ್ನು 35, ಆಮ್ಲಜನಕವನ್ನು 9ಕ್ಕೆ ಸ್ವಲ್ಪ ಮೇಲೆ, ಸಾರಜನಕವನ್ನು ಏಳೂವರೆ, ಜಲಜನಕವನ್ನು ಎರಡಕ್ಕೂ ಕಡಿಮೆ. ಸುಲಭವಾಗಿ ದ್ರವವಾಗುವ ಅನಿಲ ಹೆಚ್ಚು, ದ್ರವವಾಗಲು ಒಪ್ಪದ್ದು ಕಡಿಮೆ. ಇನ್ನೂರು ವರ್ಷದ ಆ ಪಟ್ಟಿಯ ಕ್ರಮ ಈಗಲೂ ತಪ್ಪಿಲ್ಲ. ಮುಂದೆ 1860ರ ದಶಕದಲ್ಲಿ ಹಂಟರ್ ಎಂಬವರು ಬೇರೆ ಬೇರೆ ಇದ್ದಿಲುಗಳನ್ನು ಹೋಲಿಸಿ ನೋಡಿ, ತೆಂಗಿನ ಕರಟದ್ದನ್ನು ಸೋಲಿಸುವುದು ಕಷ್ಟ ಎಂದು ತೋರಿಸಿದರು. ಮೊದಲನೇ ಮಹಾಯುದ್ಧದ ಕೊನೆಯ ವರ್ಷ ಅಮೆರಿಕದ ಊರೂರುಗಳಲ್ಲಿ ಪೀಚ್ ಹಣ್ಣಿನ ಬೀಜ, ಕರಟ ಕೂಡಿಹಾಕಿ ಕೊಡಿ ಎಂದು ಜನರನ್ನು ಬೇಡಿಕೊಂಡರು. ಸೈನಿಕರ ಮುಖವಾಡದೊಳಗೆ ವಿಷಗಾಳಿಯನ್ನು ತಡೆಯಲು ಅದರ ಇದ್ದಿಲು ಬೇಕಾಗಿತ್ತು.

ಮುಖವಾಡದ ಮುಂದೆ ಇದ್ದದ್ದು ಬರೀ ವಿಷಾನಿಲವಲ್ಲ. ವಿಷಾನಿಲ, ಗಾಳಿ, ಯುದ್ಧಭೂಮಿಯ ಮಂಜಿನ ತೇವ ಎಲ್ಲ ಬೆರೆತದ್ದು. ಸೊಸ್ಯೂರ್ ಪಟ್ಟಿ ಒಂದೊಂದು ಅನಿಲ ಒಂಟಿಯಾಗಿದ್ದಾಗ ಎಷ್ಟು ಹಿಡಿಯುತ್ತದೆ ಎಂದು ಹೇಳುತ್ತದೆ. ಎರಡು ಒಟ್ಟಿಗೆ ಬಂದರೆ? ಇರುವ ಗೋಡೆ ಅಷ್ಟೇ. ಬಲವಾಗಿ ಅಂಟುವುದು ಮೊದಲೇ ಕೂತಿದ್ದನ್ನು ಎಬ್ಬಿಸಿ ಕಳಿಸುತ್ತದೆ. ಒಂಟಿ ಅಂಕೆಗಳನ್ನು ಕೂಡಿಸಿದರೆ ಜೋಡಿಯ ಅಂಕೆ ಬರುವುದಿಲ್ಲ.

ಬೆರೆತ ಅನಿಲಗಳ ಈ ಪ್ರಶ್ನೆ ನಮ್ಮ ಜಿಲ್ಲೆಗಳ ಬಾಗಿಲಿಗೆ ಬಂದದ್ದು 2021ರ ಬೇಸಗೆಯಲ್ಲಿ. ಕೋವಿಡ್‌ನ ಎರಡನೇ ಅಲೆ. ಆಮ್ಲಜನಕದ ಸಿಲಿಂಡರು ಹೊತ್ತ ಲಾರಿ ಎಲ್ಲಿದೆ ಎಂದು ಆಸ್ಪತ್ರೆ ಆಸ್ಪತ್ರೆಯಲ್ಲಿ ಫೋನು. ಮೇ 2, 3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡ ಸುದ್ದಿ ಬಂತು. ಆಮ್ಲಜನಕ ಸಾಲದೆ ಹೋದದ್ದು ಆಮೇಲೆ ತನಿಖೆಗಳಲ್ಲಿ ಹೊರಬಿತ್ತು. ಸುತ್ತಲೂ ಬೇಕಾದಷ್ಟು ಗಾಳಿ. ಅದರ ಐದನೇ ಒಂದು ಪಾಲು ಆಮ್ಲಜನಕ. ಅದನ್ನು ಬೇರೆ ಮಾಡಿಕೊಳ್ಳಲಾಗದೆ ಜನ ಸತ್ತರು. ಆ ವಾರಗಳನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ.

ಅಲೆ ಇಳಿಯುವ ಹೊತ್ತಿಗೆ ದೇಶದ ಆಸ್ಪತ್ರೆಗಳ ಹಿತ್ತಿಲುಗಳಲ್ಲಿ ಹೊಸ ತಗಡಿನ ಚಪ್ಪರಗಳು ಎದ್ದವು. ಒತ್ತಡ ಏರಿಸಿ ಇಳಿಸಿ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ, ಪಿ.ಎಸ್.ಎ. ಎಂದು ಕರೆಯುವ ಘಟಕಗಳು. 2021ರ ಅಕ್ಟೋಬರ್ 7ರ ಹೊತ್ತಿಗೆ ದೇಶದ ಎಲ್ಲ ಜಿಲ್ಲೆಗಳಿಗೂ ಕನಿಷ್ಠ ಒಂದೊಂದು ತಲುಪಿದೆ ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಅವುಗಳಲ್ಲಿ ಒಂದು ಬಗೆಯ ಬೇರು ಬೆಂಗಳೂರಿನಲ್ಲೇ ಇದೆ. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರುತ್ತಿರುವಾಗಲೇ ಆಮ್ಲಜನಕ ಒದಗಿಸಲು ರಕ್ಷಣಾ ಸಂಶೋಧನಾ ಸಂಸ್ಥೆಯ ಇಲ್ಲಿಯ ಪ್ರಯೋಗಾಲಯ ಡಿಬೆಲ್ ರೂಪಿಸಿದ ವಿದ್ಯೆಯನ್ನೇ ಆಸ್ಪತ್ರೆಗೆ ಹಿಗ್ಗಿಸಿದರು. ನಿಮಿಷಕ್ಕೆ 1,000 ಲೀಟರ್. ಒಬ್ಬರಿಗೆ ನಿಮಿಷಕ್ಕೆ 5 ಲೀಟರ್‌ನಂತೆ 190 ಮಂದಿಗೆ ಎಂಬ ಲೆಕ್ಕ.

ಅಂಥ ಚಪ್ಪರದ ಕೆಳಗೆ ನಿಂತರೆ ಮೊದಲು ಕೇಳುವುದು ಕಂಪ್ರೆಸರ್‌ನ ಮೊರೆತ. ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ತಣಿಸಿ ನೀರು ಇಳಿಸುತ್ತಾರೆ. ನೀರು ಕೆಳಗಿನ ಕೊಳವೆಯಿಂದ ಆಗಾಗ ಚಿಮ್ಮುತ್ತದೆ. ಒಣಗಿಸುವ ಯಂತ್ರ, ಎಣ್ಣೆಯ ಹನಿ ತಡೆಯುವ ಸೋಸುಕ ದಾಟಿದ ಗಾಳಿ ಎರಡು ಉಕ್ಕಿನ ಗೋಪುರಗಳಿಗೆ ಬರುತ್ತದೆ. ಅವುಗಳ ತುಂಬ ಜಿಯೋಲೈಟಿನ ಬಿಳಿಚು ಮಣಿಗಳು. ಒಂದು ಗೋಪುರ ಒತ್ತಡದಲ್ಲಿ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದಕ್ಕೆ ಬಿಡುತ್ತಿರುವಾಗ ಇನ್ನೊಂದು ಒತ್ತಡ ಕಳೆದುಕೊಂಡು, ಹಿಡಿದಿದ್ದ ಸಾರಜನಕವನ್ನು ಹೊರಗೆ ಉಗುಳುತ್ತದೆ. ಕವಾಟ ತೆರೆದಾಗ ಬುಸ್ಸೆಂದು ಸದ್ದು. ಕ್ಷಣ ಹೊತ್ತು ಮೌನ. ಆಮೇಲೆ ಪಾತ್ರ ಅದಲುಬದಲು. ಹಗಲಿರುಳು ಇದೇ ಆಟ.

ಜಿಯೋಲೈಟ್ ಎಂದರೆ ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕದ ಹಂದರ. ಹಂದರದ ಕಿಂಡಿಗಳು ಅಣುಗಳ ಅಳತೆಯವು, ಒಂದು ನ್ಯಾನೋಮೀಟರಿಗಿಂತ ಕಿರಿದು. ಒಳಗೆ ಸೋಡಿಯಂ ಅಥವಾ ಲಿಥಿಯಂನ ಧನ ವಿದ್ಯುದಂಶಗಳು ಕೂತಿರುತ್ತವೆ. ಸಾರಜನಕವೂ ಆಮ್ಲಜನಕವೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಜರಡಿ ಹಿಡಿದು ಬೇರೆ ಮಾಡಲಾಗದು. ಆದರೆ ಸಾರಜನಕದ ಅಣುವಿನಲ್ಲಿ ವಿದ್ಯುದಂಶ ಹಂಚಿಕೊಂಡಿರುವ ರೀತಿ ಆ ಸೋಡಿಯಂಗಳಿಗೆ ಇಷ್ಟ. ಸಾಮಾನ್ಯ ಬಿಸಿಯಲ್ಲಿ, ಒಂದೇ ಒತ್ತಡದಲ್ಲಿ, ಜಿಯೋಲೈಟ್ 13ಎಕ್ಸ್ ಎಂಬ ಬಗೆ ಆಮ್ಲಜನಕಕ್ಕಿಂತ ಎರಡೂವರೆ ಮೂರು ಪಟ್ಟು ಸಾರಜನಕ ಹಿಡಿಯುತ್ತದೆ. ಆರ್ಗಾನ್ ಮಾತ್ರ ಆಮ್ಲಜನಕದಂತೆಯೇ ವರ್ತಿಸಿ ಅದರ ಜೊತೆಗೇ ಹೊರಗೆ ಬರುತ್ತದೆ. ಹಾಗಾಗಿ ಈ ಘಟಕಗಳು ಎಷ್ಟೇ ಚೆನ್ನಾಗಿ ನಡೆದರೂ ಆಮ್ಲಜನಕ ಶೇಕಡಾ 95ರ ಗಡಿಯ ಆಚೆ ಹೋಗುವುದಿಲ್ಲ. ಆಸ್ಪತ್ರೆಗೆ ಒಪ್ಪಿತವಾದ ಅಳತೆ 93, ಮೂರು ಹೆಚ್ಚು ಅಥವಾ ಮೂರು ಕಡಿಮೆ.

ಈ ಮಣಿಗಳ ವೈರಿ ನೀರು. ರೇಷ್ಮೆ ಪ್ರೀತಿಸುವ ಅದೇ ನೀರಿನ ಆವಿ ಜಿಯೋಲೈಟಿನೊಳಗೆ ಹೊಕ್ಕರೆ ಸಾರಜನಕಕ್ಕೆ ಜಾಗ ಬಿಡುವುದಿಲ್ಲ. ತೂಕದ ಕಾಲು ಭಾಗದಷ್ಟು ನೀರನ್ನು ಅದು ಹಿಡಿಯಬಲ್ಲದು. ಒತ್ತಡ ಇಳಿಸಿದ ಮಾತ್ರಕ್ಕೆ ಬಿಡುವುದೂ ಇಲ್ಲ. 250, 300 ಡಿಗ್ರಿಯವರೆಗೆ ಕಾಯಿಸಬೇಕು. ಒಣಗಿಸುವ ಯಂತ್ರ ಕೆಟ್ಟು ಘಟಕ ಓಡಿದರೆ, ಅಥವಾ ತಿಂಗಳುಗಟ್ಟಲೆ ನಿಂತಿದ್ದಾಗ ತೇವ ನುಸುಳಿದರೆ, ಕಂಪ್ರೆಸರ್ ಮೊರೆಯುತ್ತಲೇ ಇರುತ್ತದೆ, ಕವಾಟ ಬುಸ್ಸೆನ್ನುತ್ತಲೇ ಇರುತ್ತದೆ, ಕೊಳವೆಯಲ್ಲಿ ಹೋಗುವ ಗಾಳಿಯಲ್ಲಿ ಆಮ್ಲಜನಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಸದ್ದು ಕೇಳಿ ಯಂತ್ರ ಚೆನ್ನಾಗಿದೆ ಎನ್ನುವಂತಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ.

ಅಳೆಯುವ ಕೆಲಸ ಎಂಥದ್ದು ಎಂದು ತಿಳಿಯಲು ಬೆಂಗಳೂರಿನ ಆಚೆ ತುದಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದತ್ತ ನೋಡಬೇಕು. ಸಿ.ಎನ್.ಆರ್. ರಾವ್ 1989ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡ ಲೋಹ ಮತ್ತು ಸಾವಯವ ಕಡ್ಡಿಗಳನ್ನು ಹೆಣೆದ ರಂಧ್ರಮಯ ಹಂದರಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಇಂಥ ಹಂದರಗಳಿಗಾಗಿಯೇ 2025ರ ರಸಾಯನ ವಿಜ್ಞಾನದ ನೊಬೆಲ್ ಕಿತಗಾವ, ರಾಬ್ಸನ್, ಯಾಘಿ ಮೂವರಿಗೆ ಬಂತು. ಮಾಜಿ ಅವರು ಹಿಂದೆ ಜಪಾನಿನಲ್ಲಿ ಕಿತಗಾವ ಅವರೊಡನೆ ಸಂಶೋಧನೆ ಮಾಡಿದವರು. ಇಂಗಾಲದ ಡೈಆಕ್ಸೈಡನ್ನು ಹೊಗೆಯಿಂದ ಹಿಡಿದು ಬಳಸುವ ಸಂಶೋಧನೆಗೆ ಕೇಂದ್ರ ಸರ್ಕಾರದ ವಿಜ್ಞಾನ ಇಲಾಖೆ 2022ರಲ್ಲಿ ಆರಿಸಿದ ಎರಡು ರಾಷ್ಟ್ರೀಯ ಕೇಂದ್ರಗಳಲ್ಲಿ ಒಂದು ಇದೇ ಜಕ್ಕೂರಿನಲ್ಲಿದೆ.

ಇಂಥ ಪ್ರಯೋಗಾಲಯದಲ್ಲಿ ಅಬ್ಬರವಿಲ್ಲ. ಬೆರಳುದ್ದದ ಬುರುಡೆಯಿರುವ ಗಾಜಿನ ನಳಿಗೆಯೊಳಗೆ ಚಿಟಿಕೆ ಪುಡಿ. ಹಿಂದಿನ ರಾತ್ರಿಯಿಡೀ ಅದನ್ನು ಬಿಸಿಮಾಡಿ, ಪಂಪಿನಿಂದ ಗಾಳಿಯನ್ನೆಲ್ಲ ಎಳೆದು ತೆಗೆದಿರುತ್ತಾರೆ. ಬರುವ ದಾರಿಯಲ್ಲಿ ಅದು ಯಾರ್ಯಾರನ್ನು ಮೈಗೆ ಹತ್ತಿಸಿಕೊಂಡಿತ್ತೋ ಎಲ್ಲರೂ ಹೊರಟುಹೋಗಬೇಕು. ಮೊದಲು ಹೀಲಿಯಂ ಬಿಟ್ಟು ನಳಿಗೆಯ ಖಾಲಿ ಜಾಗ ಎಷ್ಟು ಎಂದು ಅಳೆಯುತ್ತಾರೆ. ಹೀಲಿಯಂ ಯಾವುದಕ್ಕೂ ಸುಲಭಕ್ಕೆ ಅಂಟುವುದಿಲ್ಲ. ಆಮೇಲೆ ನಳಿಗೆಯನ್ನು ದ್ರವ ಸಾರಜನಕದ ಪಾತ್ರೆಯಲ್ಲಿ ಇಳಿಸುತ್ತಾರೆ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಪಾತ್ರೆಯ ಬಾಯಿಯಿಂದ ಬಿಳಿ ಮಂಜು ಮೇಜಿನ ಮೇಲೆ ಹರಿದು ಅಂಚಿನಿಂದ ಇಳಿಯುತ್ತದೆ. ಸಾರಜನಕದ ಅನಿಲವನ್ನು ಗುಟುಕು ಗುಟುಕಾಗಿ ಒಳಗೆ ಬಿಡುತ್ತಾರೆ. ಪ್ರತಿ ಗುಟುಕಿಗೂ ಒತ್ತಡದ ಮುಳ್ಳು ಏರಿ, ಇಳಿದು, ಒಂದು ಕಡೆ ನಿಲ್ಲುತ್ತದೆ. ಎಷ್ಟು ಇಳಿಯಿತೋ ಅಷ್ಟು ಅನಿಲ ಪುಡಿಯ ಗೋಡೆಗೆ ಹತ್ತಿತು. 1938ರಲ್ಲಿ ಬ್ರುನಾಯರ್, ಎಮ್ಮೆಟ್, ಟೆಲ್ಲರ್ ಕೊಟ್ಟ ಸೂತ್ರದಿಂದ ಆ ಅಂಕೆಗಳು ಚದರ ಮೀಟರ್ ಆಗುತ್ತವೆ. ಕರಟದ ಹತ್ತು ಗುಂಟೆಯನ್ನು ಅಳೆದದ್ದು ಹೀಗೆ.

ಇದು ಒಂದೇ ಅನಿಲದ ಮಾತು. ಎರಡನ್ನು ಬೆರೆಸಿದ ಕೂಡಲೇ ಒತ್ತಡದ ಮುಳ್ಳು ಮೂಕವಾಗುತ್ತದೆ. ಒಟ್ಟು ಎಷ್ಟು ಹತ್ತಿತು ಎಂದು ಅದು ಹೇಳೀತು, ಯಾರು ಎಷ್ಟು ಎಂದು ಹೇಳದು. ತೂಗಿ ನೋಡೋಣವೇ? ಅದಕ್ಕೂ ಹಳೆಯ ಉಪಾಯವಿದೆ. 1926ರಲ್ಲಿ ಮ್ಯಾಕ್‌ಬೇನ್ ಮತ್ತು ಬಕರ್ ಸ್ಫಟಿಕದ ತೆಳು ಸುರುಳಿಗೆ ಪುಡಿಯ ಬಟ್ಟಲು ನೇತುಹಾಕಿ, ಅನಿಲ ಹತ್ತಿದಂತೆ ಸುರುಳಿ ಎಷ್ಟು ಜಗ್ಗುತ್ತದೆ ಎಂದು ದೂರದಿಂದ ಕಣ್ಣಿಟ್ಟು ಅಳೆದರು. ಈಗಿನ ತಕ್ಕಡಿಗಳಲ್ಲಿ ಬಟ್ಟಲು ಮುಚ್ಚಿದ ಕೋಣೆಯೊಳಗೆ ಕಾಂತದ ಸೆಳೆತದಿಂದ ತೇಲುತ್ತದೆ, ತಕ್ಕಡಿ ಗೋಡೆಯಾಚೆ ಇರುತ್ತದೆ. ಆದರೂ ತೂಕ ಹೇಳುವುದು ಒಟ್ಟು ಮೊತ್ತವನ್ನೇ. ತೂಕವನ್ನೂ ಒತ್ತಡವನ್ನೂ ಒಟ್ಟಿಗೆ ಅಳೆದರೆ ಎರಡು ಅನಿಲಗಳ ಪಾಲು ಬಿಡಿಸಬಹುದು, ಅವುಗಳ ಅಣುಭಾರ ಬೇರೆ ಬೇರೆ ಇದ್ದರೆ. ಮೀಥೇನ್ 16, ಇಂಗಾಲದ ಡೈಆಕ್ಸೈಡ್ 44. ಇಲ್ಲಿ ಲೆಕ್ಕ ಸಲೀಸು. ಸಾರಜನಕವೂ ಇಂಗಾಲದ ಮಾನಾಕ್ಸೈಡೂ ಎರಡೂ 28. ಆಗ ತಕ್ಕಡಿ ಕೈಚೆಲ್ಲುತ್ತದೆ, ಉಳಿದ ಅನಿಲದ ಗುಟುಕನ್ನು ತೆಗೆದು ಬೇರೆ ಯಂತ್ರದಲ್ಲಿ ಯಾರ್ಯಾರು ಎಷ್ಟೆಷ್ಟು ಎಂದು ನೋಡಲೇಬೇಕು. ಒಂದು ಬೆರಕೆ, ಒಂದು ಒತ್ತಡ, ಒಂದು ಬಿಸಿ: ಎಲ್ಲ ನೆಲೆ ನಿಂತು ಒಂದು ಚುಕ್ಕಿ ಸಿಗುವುದಕ್ಕೆ ಇಡೀ ದಿನ ಹೋಗಬಹುದು. ಅನಿಲ ಹತ್ತುವಾಗ ಪುಡಿ ಬಿಸಿಯಾಗುತ್ತದೆ, ಆ ಬಿಸಿ ಇಳಿಯುವವರೆಗೂ ಕಾಯಬೇಕು. ನಡುವೆ ಬೆರಕೆಯ ಪ್ರಮಾಣವೂ ತನ್ನಷ್ಟಕ್ಕೆ ಬದಲಾಗಿರುತ್ತದೆ, ಒಂದು ಅನಿಲ ಹೆಚ್ಚು ಹತ್ತಿ ಇನ್ನೊಂದು ಹೆಚ್ಚು ಉಳಿದಿರುತ್ತದಲ್ಲ.

ನನಗೆ ಎಲ್ಲಕ್ಕಿಂತ ಚಂದ ಕಾಣುವುದು ಕೊಳವೆಯ ಪ್ರಯೋಗ. ಉದ್ದದ ಕೊಳವೆಯಲ್ಲಿ ಪುಡಿಯನ್ನೋ ಮಣಿಯನ್ನೋ ತುಂಬಿ, ಒಂದು ತುದಿಯಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡಿನ ಬೆರಕೆಯನ್ನು ಬಿಡುತ್ತಾರೆ. ಆಚೆ ತುದಿಯಲ್ಲಿ ಅನಿಲ ಗುರುತಿಸುವ ಯಂತ್ರ ಕಾದಿರುತ್ತದೆ. ಸ್ವಲ್ಪ ಹೊತ್ತು ಏನೂ ಬರುವುದಿಲ್ಲ, ಪರದೆಯ ಮೇಲೆ ಗೆರೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಆಮೇಲೆ ಮೀಥೇನಿನ ಗೆರೆ ಏಳುತ್ತದೆ. ಎದ್ದದ್ದು ಒಳಗೆ ಬಿಡುತ್ತಿರುವ ಮಟ್ಟಕ್ಕೆ ಬಂದು ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ, ಅದನ್ನು ದಾಟಿ ಮೇಲೆ ಹೋಗುತ್ತದೆ. ನಾವು ಬಿಡುತ್ತಿರುವುದಕ್ಕಿಂತ ಹೆಚ್ಚು ಮೀಥೇನ್ ಹೊರಗೆ ಬರುತ್ತಿದೆ! ಕೊಳವೆಯೊಳಗೆ ಮೊದಲು ಓಡಿಬಂದು ಗೋಡೆ ಹಿಡಿದಿದ್ದ ಮೀಥೇನನ್ನು ಹಿಂದಿನಿಂದ ಬಂದ ಇಂಗಾಲದ ಡೈಆಕ್ಸೈಡ್ ಎಬ್ಬಿಸಿ ಎಬ್ಬಿಸಿ ಮುಂದಕ್ಕೆ ತಳ್ಳುತ್ತಿದೆ. ಎಲ್ಲ ಜಾಗವೂ ಅದರದಾದ ಮೇಲೆ ಅದೂ ತುದಿಗೆ ಬರುತ್ತದೆ, ಆಗ ಮೀಥೇನಿನ ಗೆರೆ ಇಳಿದು ತನ್ನ ಮಟ್ಟಕ್ಕೆ ಕೂರುತ್ತದೆ. ಕಣ್ಣಿಗೆ ಕಾಣದ ಪೈಪೋಟಿ ಪರದೆಯ ಮೇಲೆ ಬೆಟ್ಟದ ನೆತ್ತಿಯಾಗಿ ಮೂಡುತ್ತದೆ. ಆ ನೆತ್ತಿಯ ವಿಸ್ತಾರ ಅಳೆದರೆ ಎಷ್ಟು ಮೀಥೇನ್ ಜಾಗ ಬಿಟ್ಟುಕೊಟ್ಟಿತು ಎಂಬ ಲೆಕ್ಕ ಸಿಗುತ್ತದೆ.

ಇಷ್ಟು ಕಷ್ಟವೇಕೆ ಎಂದು ಲೆಕ್ಕದಿಂದಲೇ ಉತ್ತರ ಹುಡುಕಿದವರೂ ಇದ್ದಾರೆ. ಒಂಟಿ ಅನಿಲಗಳ ಅಳತೆಯಿಂದ ಬೆರಕೆಯ ಅಳತೆಯನ್ನು ಊಹಿಸುವ ಸಿದ್ಧಾಂತವನ್ನು 1965ರಲ್ಲಿ ಮೈಯರ್ಸ್ ಮತ್ತು ಪ್ರಾಸ್ನಿಟ್ಸ್ ಕೊಟ್ಟರು. ಇವತ್ತಿಗೂ ಪ್ರಯೋಗಾಲಯಗಳು ಅದನ್ನು ನೆಚ್ಚಿಕೊಂಡಿವೆ. ಇದ್ದಿಲಿನ ಮೇಲೆ ಮೀಥೇನ್, ಈಥೇನ್‌ಗಳಂಥ ಒಂದೇ ಕುಲದ ಅನಿಲಗಳಾದರೆ ಅದು ಚೆನ್ನಾಗಿ ಹೊಂದುತ್ತದೆ. ಒಂದು ಅನಿಲ ಗೋಡೆಯನ್ನು ಬಹಳ ಪ್ರೀತಿಸಿ ಇನ್ನೊಂದು ಉದಾಸೀನವಾಗಿದ್ದರೆ, ಗೋಡೆಯೇ ಒಂದೊಂದು ಕಡೆ ಒಂದೊಂದು ಗುಣದ್ದಾಗಿದ್ದರೆ, ಜಿಯೋಲೈಟಿನಲ್ಲಿ ಆಗುವಂತೆ, ಊಹೆ ಜಾರುತ್ತದೆ. ನೀರಿನ ಆವಿ ಬಂದು ಸೇರಿದರಂತೂ ಹೇಳುವುದೇ ಬೇಡ. ಪುಸ್ತಕಗಳಲ್ಲಿ ಒಂಟಿ ಅನಿಲದ ಅಳತೆಗಳು ರಾಶಿ ಬಿದ್ದಿವೆ, ಬೆರಕೆಯ ಅಳತೆಗಳು ತೀರ ಕಡಿಮೆ. ಹೊಸ ಹಂದರ ಹೆಣೆದವರ ಹೆಸರು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಒಂದು ಚುಕ್ಕಿಗೆ ಒಂದು ದಿನ ಕೊಟ್ಟು, ಅದೇ ಹಂದರ ತೇವದ ಗಾಳಿಯಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅಳೆದವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಇದು ಅನ್ಯಾಯ. ಆಸ್ಪತ್ರೆಯ ಗೋಪುರ ನಿಂತಿರುವುದು ಈ ಎರಡನೆಯವರ ಅಂಕೆಗಳ ಮೇಲೆ.

ಮಾಗಡಿಯ ಕಡೆಯ ಹಟ್ಟಿಗಳಿಗೂ ಈ ಅಂಕೆಗಳು ಬೇಕು. ಸಗಣಿಯ ಗೋಬರ್ ಗ್ಯಾಸಿನಲ್ಲಿ ಹತ್ತರಲ್ಲಿ ಆರು ಪಾಲಿನಷ್ಟು ಮೀಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ, ನೀರಿನ ಆವಿ. ಒಲೆಗೆ ಹಾಗೆಯೇ ನಡೆಯುತ್ತದೆ. ಸಿಲಿಂಡರಿಗೆ ತುಂಬಿ ವಾಹನ ಓಡಿಸಬೇಕಾದರೆ ಡೈಆಕ್ಸೈಡನ್ನು ತೆಗೆಯಬೇಕು. ತೆಗೆಯುವ ದಾರಿಗಳಲ್ಲಿ ಒಂದು ಇದೇ ಗೋಪುರ, ಇದೇ ಇದ್ದಿಲು ಅಥವಾ ಜಿಯೋಲೈಟ್, ಒತ್ತಡದ ಇದೇ ಏರಿಳಿತ.

2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು 2025ರಲ್ಲಿ ರಾಜ್ಯ ಸಂಪುಟ ಒಪ್ಪಿತು. ಹೆಸರು ಯಾವುದಾದರೂ ಆಷಾಢದ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಇಲ್ಲಿಯ ಕಾಲೇಜುಗಳಲ್ಲಿ ರಸಾಯನ ವಿಜ್ಞಾನ ಓದುವ ಮಕ್ಕಳಲ್ಲಿ ಹುಳು ಮೇಯಿಸಿದ ಮನೆಯವರಿದ್ದಾರೆ, ಬೇಸಿನ್ ಮುಂದೆ ಕೂತ ತಾಯಂದಿರ ಮಕ್ಕಳಿದ್ದಾರೆ. ಅಧಿಶೋಷಣೆಯ ಪಾಠವನ್ನು ಅವರಿಗೆ ಒಂದು ಲಡಿ ರೇಷ್ಮೆ, ಒಂದು ಒಲೆ, ಒಂದು ಸೂಕ್ಷ್ಮ ತಕ್ಕಡಿಯಿಂದ ಕಲಿಸಬಹುದು. ಮೇಷ್ಟ್ರುಗಳು ದಯವಿಟ್ಟು ಹಾಗೆ ಕಲಿಸಬೇಕು.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಊರಿನ ಆಸ್ಪತ್ರೆಯ ಹಿತ್ತಿಲಲ್ಲಿ 2021ರ ಆ ಜೋಡಿ ಗೋಪುರ ಇದ್ದರೆ, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರನ್ನೋ ವೈದ್ಯಾಧಿಕಾರಿಯನ್ನೋ ಕಂಡು ಮೂರು ಮಾತು ಕೇಳಿ: ಘಟಕವನ್ನು ಕೊನೆಯ ಸಲ ಓಡಿಸಿದ್ದು ಯಾವಾಗ, ಒಣಗಿಸುವ ಯಂತ್ರ ಕೆಲಸ ಮಾಡುತ್ತಿದೆಯೇ, ಆಮ್ಲಜನಕದ ಅಳತೆಯಲ್ಲಿ ಎಷ್ಟು ತೋರಿಸಿತು. ಉತ್ತರ 90ಕ್ಕಿಂತ ಕಡಿಮೆ ಇದ್ದರೆ ಮಣಿಗಳನ್ನು ಪರೀಕ್ಷೆ ಮಾಡಿಸಿ ಎಂದು ಬರೆದುಕೊಡಿ.